ಒಂದು ಗಂಟೆಯ ಫೋಟೋದಲ್ಲಿ ಇಲ್ಲದ ಟೀಚರು

ಮಳೆ ರಜೆಯನ್ನು ಹೇಗೆ ಸದುಪಯೋಗಪಡಿಸಿಕೊಳ್ಳಬೇಕೆಂದು ಎಲ್ಲ ಶಿಕ್ಷಕರಿಗೂ ತಿಳಿಹೇಳಿದ ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ತಂಗಿಯ ಜೀವ ಉಳಿಸಿದ ಟೀಚರನ್ನು ನೀವು ಅಮಾನತು ಮಾಡಿದ್ದೀರಿ. ಬಿರುಗಾಳಿಯ ದಿನ ಶಾಲೆಯಿಂದ ನಿಮ್ಮ ಕಚೇರಿಗೆ ಮೂರು ಫೋಟೋ ಹೋಗಬೇಕಿತ್ತು. ಹತ್ತು ಗಂಟೆಯ ಫೋಟೋದಲ್ಲಿ ಅವರು ಇದ್ದರು, ಒಂದು ಗಂಟೆಯದರಲ್ಲಿ ಇರಲಿಲ್ಲ. ಇದೇ ಅವರ ಅಪರಾಧ. ಒಂದು ಗಂಟೆಗೆ ಅವರು ಎಲ್ಲಿದ್ದರು ಎಂದು ನೋಟಿಸಿನಲ್ಲಿ ಕೇಳಿದ್ದೀರಿ. ಹೇಳುತ್ತೇನೆ. ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ, ಬರಿಗಾಲಲ್ಲಿ, ಮುರಿದ ಎರಡು ಬೆರಳುಗಳನ್ನು ಒದ್ದೆ ಸೆರಗಿನಲ್ಲಿ ಸುತ್ತಿಕೊಂಡು, ಒಳಗೆ ಒಂಬತ್ತು ವರ್ಷದ ಹುಡುಗಿಯ ತಲೆಗೆ ಹೊಲಿಗೆ ಹಾಕಿ ಮುಗಿಸುವುದನ್ನು ಕಾಯುತ್ತಿದ್ದರು. ಅಲ್ಲಿ ಫೋಟೋ ತೆಗೆಯುವವರು ಯಾರೂ ಇರಲಿಲ್ಲ. ಅದಕ್ಕಾಗಿ ಕ್ಷಮೆ ಇರಲಿ.

ಈ ಮಾತನ್ನು ಹೇಳಲೆಂದೇ ನಾನು ಹೋದ ವಾರ ನಿಮ್ಮ ಕಚೇರಿಗೆ ಬಂದಿದ್ದೆ. ನಿಮಗೆ ನೆನಪಿರಲಾರದು. ಬಾಗಿಲ ಹತ್ತಿರ ಎರಡು ಗಂಟೆ ನಿಂತಿದ್ದ, ಹಸಿರು ಏಪ್ರನ್ ತೆಗೆಯುವುದನ್ನೇ ಮರೆತು ಬಂದಿದ್ದ ಹುಡುಗಿ ನಾನು. ಒಳಗೆ ಕರೆದಾಗ ನೀವು ಕಾಗದದಿಂದ ತಲೆ ಎತ್ತದೆ ಕೇಳಿದಿರಿ, "ಎಷ್ಟು ಓದಿದೀಯಾ?"

"ಐದನೇ ಕ್ಲಾಸು ಸರ್."

"ಐದನೇ ಕ್ಲಾಸು ಓದಿ ಇಲಾಖೆಗೆ ಪಾಠ ಹೇಳೋಕೆ ಬಂದಿದೀಯಾ?"

ಪಕ್ಕದಲ್ಲಿದ್ದ ಗುಮಾಸ್ತರು ನಕ್ಕರು. ನಾನು ಮೊದಲಿನಿಂದಲೂ ನಾಲ್ಕು ಜನರ ಎದುರು ಬಾಯಿ ಬಿಡುವವಳಲ್ಲ. ನಮಸ್ಕಾರ ಹೇಳಿ ಹೊರಬಂದೆ. ಹೇಳದೆ ಉಳಿದದ್ದನ್ನು ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ತಪ್ಪು ಕಂಡರೆ ಕೆಂಪು ಶಾಯಿಯಲ್ಲಿ ತಿದ್ದಿ. ಆದರೆ ಕೊನೆಯವರೆಗೂ ಓದಿ.

ನಿಮ್ಮ ಸುತ್ತೋಲೆಯನ್ನು ನಾನು ಇಪ್ಪತ್ತು ಸಲವಾದರೂ ಓದಿದ್ದೇನೆ. ಪ್ರತಿಕೂಲ ಹವಾಮಾನದಿಂದ ರದ್ದಾಗುವ ಶಾಲಾ ದಿನಗಳು ವ್ಯರ್ಥವಾಗತಕ್ಕದ್ದಲ್ಲ ಎಂದು ಶುರುವಾಗುತ್ತದೆ. ಮಕ್ಕಳು ಮನೆಯಲ್ಲಿರಬೇಕು, ಶಿಕ್ಷಕರು ಒಂಬತ್ತೂವರೆಗೆ ಶಾಲೆಗೆ ಬಂದು ನಾಲ್ಕೂವರೆಯವರೆಗೆ ಕಂಪ್ಯೂಟರಿನಲ್ಲಿ ತರಬೇತಿ ನೋಡಬೇಕು. ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ ಎಲ್ಲರೂ ಸಾಲಾಗಿ ನಿಂತ ಫೋಟೋ. ಮಕ್ಕಳಿಗೆ ಬೆಳಿಗ್ಗೆ ಒಂಬತ್ತಕ್ಕೆ ಫೋನಿನಲ್ಲಿ ನಲವತ್ತು ಪ್ರಶ್ನೆ ಹೋಗಬೇಕು, ಹನ್ನೊಂದಕ್ಕೆ ಉತ್ತರ ಬರಬೇಕು. ಆಮೇಲೆ ಬರುತ್ತದೆ ನೀವು ಬರೆದ ಆ ವಾಕ್ಯ: "ಪೋಷಕರು ಕಟ್ಟುನಿಟ್ಟಾಗಿ ಮೇಲ್ವಿಚಾರಣೆ ಮಾಡತಕ್ಕದ್ದು." ಇದನ್ನು ಬರೆಯುವಾಗ ನಿಮ್ಮ ಕಣ್ಣ ಮುಂದೆ ಯಾವ ಮನೆಯಿತ್ತು ಮಾನ್ಯರೇ? ಮೇಜು, ಮೇಜಿನ ಮೇಲೆ ದೀಪ, ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ತಾಳ್ಮೆಯಿಂದ ಕೂತ ಅಪ್ಪ? ಅಂಥ ಮನೆಗಳೂ ಇವೆ, ಇರಲಿ. ನಮ್ಮ ಸಾಲಿನಲ್ಲಿರುವವು ಒಂದೊಂದು ಕೋಣೆಯ ಮನೆಗಳು. ಮಳೆ ಬಂದರೆ ಶಾಲೆಗೆ ಮಾತ್ರ ರಜೆಯಲ್ಲ. ಗಾರೆಯವರಿಗೆ, ಬಣ್ಣದವರಿಗೆ, ಕಲ್ಲು ಹೊರುವವರಿಗೆ ಎಲ್ಲರಿಗೂ ರಜೆ. ದಿನವಿಡೀ ಬಿಸಿಲಲ್ಲಿ ಮೈ ಮುರಿದು ಸಿಟ್ಟು ಕಳೆದುಕೊಳ್ಳುವ ಗಂಡಸರು ಅಂದು ಬಾಗಿಲು ಹಾಕಿಕೊಂಡು, ಸೋರುವ ತಗಡಿನ ಕೆಳಗೆ, ಮಕ್ಕಳ ಎದುರು ಕೂತಿರುತ್ತಾರೆ. ಅವರ ಕೈಗೆ ನೀವು ಒಂದು ಕೆಲಸ ಕೊಟ್ಟಿರಿ. ಕಟ್ಟುನಿಟ್ಟು ಅಂದಿರಿ. ಇನ್ನೊಂದು ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ತಗಡಿನ ಮೇಲೆ ಜೋರು ಮಳೆ ಬಿದ್ದರೆ ಒಳಗೆ ಮಗು ಕಿರುಚಿದ್ದು ಪಕ್ಕದ ಮನೆಗೆ ಕೇಳಿಸುವುದಿಲ್ಲ.

ಇದನ್ನೆಲ್ಲ ನೀನು ಹೇಗೆ ಬಲ್ಲೆ ಎನ್ನುತ್ತೀರಾ? ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು. ಒಂದೊಂದು ವಾರ್ಡಿನ ಬಟ್ಟೆಗೂ ಒಂದೊಂದು ಬಣ್ಣದ ಪಟ್ಟಿ ಕಟ್ಟಿ ಕೆಳಗೆ ಕಳಿಸುತ್ತಾರೆ. ಮಕ್ಕಳ ವಾರ್ಡಿನದು ಹಳದಿ. ಸಾಮಾನ್ಯ ದಿನಗಳಲ್ಲಿ ಹಳದಿ ಗಂಟಿನಲ್ಲಿ ಉಚ್ಚೆ, ವಾಂತಿ, ಔಷಧಿಯ ಕಲೆ. ಮಳೆ ರಜೆಯ ಮರುದಿನ ಅದೇ ಗಂಟು ದಪ್ಪಗಿರುತ್ತದೆ, ಬಿಚ್ಚಿದರೆ ರಕ್ತ. ರಕ್ತಕ್ಕೆ ಬಿಸಿನೀರು ತಾಗಿಸಬಾರದು, ಕಲೆ ಕೂತುಬಿಡುತ್ತದೆ. ಹಾಗಾಗಿ ಆ ಗಂಟುಗಳನ್ನು ಮೆಷಿನ್ನಿಗೆ ಹಾಕುವ ಮೊದಲು ತಣ್ಣೀರಿನಲ್ಲಿ ಕೈಯಿಂದಲೇ ಉಜ್ಜಬೇಕು. ನಾಲ್ಕು ವರ್ಷದಿಂದ ಉಜ್ಜುತ್ತಿದ್ದೇನೆ. ಮೇಲಿನ ಆಯಾ ಅಕ್ಕನನ್ನು ಕೇಳಿದರೆ, "ಮೆಟ್ಟಿಲಿಂದ ಬಿದ್ದದ್ದಂತೆ ಕಣೇ, ಇದೂ ಮೆಟ್ಟಿಲು, ಅದೂ ಮೆಟ್ಟಿಲು" ಎನ್ನುತ್ತಾಳೆ. ನಮ್ಮ ಸಾಲಿನಲ್ಲಿ ಯಾವ ಮನೆಗೂ ಮೆಟ್ಟಿಲಿಲ್ಲ.

ನಾನೂ ಒಂದು ಕಾಲದಲ್ಲಿ ಮೆಟ್ಟಿಲಿಂದ ಬಿದ್ದವಳೇ.

ಹನ್ನೆರಡು ವರ್ಷದ ಹಿಂದಿನ ಮಾತು. ಈಗ ನೀವು ಅಮಾನತು ಮಾಡಿರುವ ಟೀಚರು ಆಗ ಹೊಸದಾಗಿ ಬಂದಿದ್ದರು, ಉತ್ಸಾಹದಲ್ಲಿ ನಿಮ್ಮ ಹಾಗೆಯೇ ಇದ್ದರು. ಒಂದು ದಿನವೂ ಹಾಳಾಗಬಾರದು. ಮೂರು ದಿನ ಮಳೆ ರಜೆ ಎಂದಾಗ ಹತ್ತು ಪುಟ ಕಾಪಿ ಬರೆಯಲು ಕೊಟ್ಟು, ಪ್ರತಿ ಮಗುವಿನ ಕೈಯಲ್ಲೂ ಮನೆಗೆ ಒಂದು ಚೀಟಿ ಕಳಿಸಿದರು. "ಮಗು ಬರೆಯದಿದ್ದರೆ ದಯವಿಟ್ಟು ಸ್ವಲ್ಪ ಬಿಗಿ ಮಾಡಿ." ದುಂಡನೆಯ ಅಕ್ಷರ. ನಾನೇ ಅಪ್ಪನಿಗೆ ಓದಿ ಹೇಳಿದೆ. ಅಪ್ಪನಿಗೆ ಓದಲು ಬರುವುದಿಲ್ಲ. ಅಪ್ಪ ಕುಡಿಯುವುದೂ ಇಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಕಚೇರಿಯ ಫಾರಂನಲ್ಲಿ ಮನೆಯ ಗಲಾಟೆಗೆ ಕಾರಣ ಎಂಬಲ್ಲಿ ಕುಡಿತ ಒಂದನ್ನೇ ಅಚ್ಚು ಹಾಕಿಸಿದ್ದೀರಿ. ಅಪ್ಪ ಎಚ್ಚರದಲ್ಲೇ ಹೊಡೆಯುತ್ತಾರೆ. ಗಾರೆ ಕೆಲಸದಲ್ಲಿ ಅವರಷ್ಟು ನೇರ ಗೋಡೆ ಎತ್ತುವವರಿಲ್ಲ. ಗಾರೆ ಸಮ ಮಾಡಲು ಆಳುದ್ದದ ಒಂದು ಮರದ ಪಟ್ಟಿ ಇರುತ್ತದೆ, ಮಟ್ಟಗೋಲು ಎನ್ನುತ್ತಾರೆ. ಮಳೆಗಾಲದಲ್ಲಿ ಅದು ನಮ್ಮ ಮನೆಯ ಮೂಲೆಯಲ್ಲಿ ಒರಗಿರುತ್ತದೆ. ಎರಡನೇ ದಿನದ ಮಧ್ಯಾಹ್ನ ನಾಲ್ಕನೇ ಪುಟದಲ್ಲಿ ನಾನು ನಿದ್ದೆ ಹೋದೆ. ಅಪ್ಪ ಬಿಗಿ ಮಾಡಿದರು. ನನ್ನ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಆ ಕೈ ಡೊಂಕಾಗಿಯೇ ಕೂಡಿಕೊಂಡಿತು, ಪೆನ್ಸಿಲು ಹಿಡಿಯಲಿಲ್ಲ. ಆ ವರ್ಷದ ಪರೀಕ್ಷೆಯ ಹೊತ್ತಿಗೆ ನನ್ನ ಶಾಲೆ ಮುಗಿಯಿತು. "ಏನಾಯ್ತು ಕೈಗೆ?" ಎಂದು ಟೀಚರು ಕೇಳಿದಾಗ "ಬಿದ್ದೆ" ಎಂದಿದ್ದೆ. "ಎಲ್ಲಿ?" ಎಂದಾಗ "ಮೆಟ್ಟಿಲಲ್ಲಿ" ಎಂದೆ. ನನ್ನನ್ನು ಶಾಲೆ ಬಿಡಿಸಿದರೆಂದು ಕೇಳಿ ಅವರು ನಮ್ಮ ಮನೆಯವರೆಗೂ ಬಂದರು. ಬಾಗಿಲಲ್ಲಿ ನಿಂತು ಸುತ್ತಲೂ ನೋಡಿದರು. ಮೆಟ್ಟಿಲು ಹುಡುಕಿದರೋ ಏನೋ. ಮೂಲೆಯ ಕಡೆ ಬಹಳ ಹೊತ್ತು ನೋಡಿದರು. ಬಂದ ದಾರಿಯಲ್ಲೇ ವಾಪಸ್ ಹೋದರು.

ಅವರು ಮಳೆ ರಜೆಯ ದಿನ ಮನೆ ಮನೆ ತಿರುಗಲು ಶುರು ಮಾಡಿದ್ದು ಅದರ ಮುಂದಿನ ಮಳೆಗಾಲದಿಂದ.

ನೀವು ಇದನ್ನು ಕರ್ತವ್ಯಲೋಪ ಎಂದು ಕರೆದಿರುವುದರಿಂದ ಅದು ಹೇಗೆ ನಡೆಯುತ್ತಿತ್ತೆಂದು ವಿವರವಾಗಿ ಹೇಳಬೇಕು. ಗಾಳಿ ಸ್ವಲ್ಪ ತಗ್ಗಿದ ಕೂಡಲೇ ಕಪ್ಪು ಛತ್ರಿ ಹಿಡಿದು ಹೊರಡುತ್ತಿದ್ದರು. ತಮ್ಮ ತರಗತಿಯ ಮಕ್ಕಳಿರುವ ಹತ್ತೊಂಬತ್ತು ಬಾಗಿಲು. ಪ್ರತಿ ಬಾಗಿಲಲ್ಲೂ ಒಂದೇ ಮಾತು: "ನೋಟ್‌ಬುಕ್ ತೋರಿಸು ಪುಟ್ಟಾ." ಮಗು ಎದ್ದು ಬರಬೇಕು, ಎರಡೂ ಕೈಯಲ್ಲಿ ಪುಸ್ತಕ ಹಿಡಿದು ಹೊಸ್ತಿಲಲ್ಲಿ ನಿಂತು ನಾಲ್ಕು ಸಾಲು ಗಟ್ಟಿಯಾಗಿ ಓದಬೇಕು. ಅಷ್ಟೇ. ಓದಿದ್ದು ಸರಿಯೋ ತಪ್ಪೋ ಅವರು ಕೇಳುತ್ತಿರಲಿಲ್ಲ. ನಡೆದು ಬಂದ ಕಾಲು, ಪುಸ್ತಕ ಹಿಡಿದ ಕೈ, ಕತ್ತಿನ ಹಿಂಭಾಗ, ಓದುವ ದನಿ, ಇಷ್ಟನ್ನು ನೋಡುತ್ತಿದ್ದರು. ಎಲ್ಲ ಬಾಗಿಲು ಮುಗಿಸಿ ವಾಪಸ್ ಹೋಗುವಾಗ ಕೆಲವು ಮನೆಗಳಿಗೆ ಇನ್ನೊಮ್ಮೆ ಇಣುಕುತ್ತಿದ್ದರು, ಯಾವ ಹೊತ್ತಿಗೆಂದು ಯಾರಿಗೂ ಗೊತ್ತಾಗದ ಹಾಗೆ. ಊರಿನವರು ಛತ್ರಿ ಟೀಚರು ಎಂದು ಹೆಸರಿಟ್ಟರು. ನನ್ನ ತಂಗಿ ಅವರ ತರಗತಿಗೆ ಬಂದ ಮೇಲೆ ನಮ್ಮ ಮನೆಯಲ್ಲೂ ಅದೇ ಆಯಿತು. ಮಳೆಯ ದಿನ ಒಂಬತ್ತಕ್ಕೇ ಅಪ್ಪ ಅಂಗಿ ಹಾಕಿಕೊಂಡು ಕೂರುತ್ತಿದ್ದರು. "ಬರ್ತಾಳೆ ನೋಡು ನಿಮ್ಮ ಛತ್ರಿ. ಮಳೇಲಿ ನೆನ್ಯೋದಕ್ಕೆ ಸಂಬಳ" ಎಂದು ಗೊಣಗುತ್ತಿದ್ದರು. ಆದರೆ ಮಟ್ಟಗೋಲು ಮೂಲೆ ಬಿಟ್ಟು ಅಲುಗುತ್ತಿರಲಿಲ್ಲ. ಇಷ್ಟು ದೊಡ್ಡ ಗಂಡಸು ಒಂದು ಛತ್ರಿಗೆ ಹೆದರುತ್ತಾನಲ್ಲ ಎಂದು ನಾನು ಬೆನ್ನು ತಿರುಗಿಸಿ ನಗುತ್ತಿದ್ದೆ.

ಆಮೇಲೆ ನಿಮ್ಮ ಸುತ್ತೋಲೆ ಬಂತು.

ಅಂದು ಬುಧವಾರ. ಗಾಳಿ ಬೆಳಿಗ್ಗೆಯೇ ಎರಡು ಕಂಬ ಉರುಳಿಸಿತ್ತು. ಆಸ್ಪತ್ರೆಗೆ ರಜೆ ಇಲ್ಲ, ನಾನು ಏಳಕ್ಕೇ ಹೊರಟಿದ್ದೆ. ಅಮ್ಮ ತರಕಾರಿ ತುಂಬುವ ಶೆಡ್ಡಿಗೆ ಹೋಗಿದ್ದಳು. ಮನೆಯಲ್ಲಿ ಅಪ್ಪ ಮತ್ತು ತಂಗಿ. ಒಂಬತ್ತಕ್ಕೆ ಅಪ್ಪನ ಫೋನಿಗೆ ನಲವತ್ತು ಪ್ರಶ್ನೆ ಬಂತು, ಜೊತೆಗೆ ನಿಮ್ಮ ಕಟ್ಟುನಿಟ್ಟಿನ ವಾಕ್ಯವೂ ಬಂತು. ಅದನ್ನು ಫೋನೇ ಗಟ್ಟಿಯಾಗಿ ಓದಿ ಹೇಳಿತಂತೆ. ಈಗ ಅದಕ್ಕೆ ಮಕ್ಕಳು ಬೇಕಾಗಿಲ್ಲ. ಛತ್ರಿ ಬರಬೇಕಾದ ಒಂಬತ್ತೂವರೆಗೆ ಬರಲಿಲ್ಲ. ಹತ್ತಕ್ಕೂ ಬರಲಿಲ್ಲ. ಹತ್ತಕ್ಕೆ ಅವರು ನಿಮ್ಮ ಫೋಟೋದಲ್ಲಿ ಎಡಗಡೆಯಿಂದ ಮೂರನೆಯವರಾಗಿ ನಿಂತಿದ್ದರು. ಅಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ತಂಗಿ ಹೇಳುತ್ತಾಳೆ, "ಅಂಗಿ ಬಿಚ್ಚಿದಾಗ್ಲೇ ಗೊತ್ತಾಯ್ತು ಅಕ್ಕಾ." ಹನ್ನೊಂದಾದಾಗ ಅವಳು ಬರೆದದ್ದು ಇಪ್ಪತ್ಮೂರು ಉತ್ತರ.

ಮುಂದಿನದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನೀವು ವರದಿಗಳಲ್ಲಿ ಇದನ್ನು ಅಹಿತಕರ ಘಟನೆ ಎಂದು ಬರೆಯುವವರು, ಆದ್ದರಿಂದ ಬರೆಯುತ್ತೇನೆ. ಮಟ್ಟಗೋಲಿನ ಮೊದಲ ಏಟು ಬೆನ್ನಿಗೆ. ಅವಳು ನೀರಿನ ಡ್ರಮ್ಮಿನ ಹಿಂದೆ ನುಗ್ಗಿದಳು. ಕೂದಲು ಹಿಡಿದು ಎಳೆದರು. ಎರಡನೆಯದು ಎಡಗಿವಿಯ ಮೇಲೆ, ಪಟ್ಟಿಯ ಅಂಚಿನಿಂದ. ಆ ಕಿವಿಗೆ ಈಗ ಏನೂ ಕೇಳಿಸುವುದಿಲ್ಲ, ಮುಂದೆ ಕೇಳಿಸುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮೂರನೆಯದಕ್ಕೆ ತಲೆ ಒಡೆಯಿತು, ಹದಿನಾಲ್ಕು ಹೊಲಿಗೆ. ಪ್ರತಿ ಏಟಿಗೂ ಅಪ್ಪ ಒಂದು ಪ್ರಶ್ನೆಯ ಸಂಖ್ಯೆ ಹೇಳುತ್ತಿದ್ದರಂತೆ. ಇಪ್ಪತ್ನಾಲ್ಕು. ಇಪ್ಪತ್ತೈದು. ಇಪ್ಪತ್ತಾರು. ಇಪ್ಪತ್ತೇಳು ಹೇಳುವ ಮೊದಲು ಬಾಗಿಲು ಬಡಿಯಿತು. ಹನ್ನೊಂದೂ ಇಪ್ಪತ್ತು.

"ಯಾರದು?"

"ನಾನು, ಟೀಚರು. ನೋಟ್‌ಬುಕ್ ನೋಡ್ಬೇಕಿತ್ತು."

"ಇವತ್ತು ನೋಟ್‌ಬುಕ್ ಇಲ್ಲ. ಎಲ್ಲಾ ಫೋನಲ್ಲೇ. ಹೋಗ್ರೀ."

"ಹಾಗಾದ್ರೆ ಫೋನೇ ತೋರಿಸ್ಲಿ. ಕರೀರಿ ಅವಳನ್ನ."

"ಮಲಗಿದಾಳೆ."

"ಹನ್ನೊಂದು ಗಂಟೆಗೆ ಯಾರ್ರೀ ಮಲಗ್ತಾರೆ? ಎಬ್ಬಿಸಿ. ಎರಡು ಸಾಲು ಓದಿದ್ರೆ ಸಾಕು, ನನ್ನ ಪಾಡಿಗೆ ನಾನು ಹೋಗ್ತೀನಿ."

ಅಪ್ಪ ಬಾಗಿಲನ್ನು ಒಂದು ಗೇಣು ತೆರೆದು ಬೈಯಲು ಬಾಯಿ ತೆಗೆದರು. ಟೀಚರು ಆ ಸಂದಿಗೆ ಕೈ ಇಟ್ಟರು. ಅಪ್ಪ ಭುಜ ಕೊಟ್ಟು ಬಾಗಿಲು ಬಡಿದರು. ಬೆರಳು ಮುರಿದ ಸದ್ದು ಆ ಮಳೆಯಲ್ಲೂ ತನಗೆ ಕೇಳಿಸಿತು ಎಂದು ತಂಗಿ ಹೇಳುತ್ತಾಳೆ, ಉಳಿದಿರುವ ಕಿವಿಯಿಂದ. ಟೀಚರು ಕೈ ತೆಗೆಯಲಿಲ್ಲ. ಕೂಗಲೂ ಇಲ್ಲ. "ಪುಟ್ಟಿ, ನಾನು ಇಲ್ಲೇ ಇದೀನಿ" ಎಂದರು. ಆಮೇಲೆ ಒದ್ದರು. ಮಕ್ಕಳ ಗಲ್ಲ ಹಿಡಿದು ಮಗ್ಗಿ ಹೇಳಿಸುವ, ಐವತ್ತರ ಹತ್ತಿರದ ಹೆಂಗಸು ಬಾಗಿಲನ್ನು ಒದ್ದರು. ಚಿಲಕ ಕಿತ್ತು ಬಂತು. ಮಟ್ಟಗೋಲಿನ ಏಟು ಅವರ ಹೆಗಲಿಗೆ ಬಿತ್ತು. ಅವರು ಛತ್ರಿಯ ಹಿಡಿಯಿಂದ ಅಪ್ಪನ ಮುಖಕ್ಕೆ ಬೀಸಿದರು. ತುಟಿ ಸೀಳಿತು, ಒಂದು ಹಲ್ಲು ಬಿತ್ತು. ಮತ್ತೆ ಬೀಸಿದರು. ನಿಮ್ಮ ನೋಟಿಸಿನಲ್ಲಿ "ಪೋಷಕರೊಬ್ಬರ ಮೇಲೆ ಹಲ್ಲೆ" ಎಂದಿದೆ. ಹೌದು ಮಾನ್ಯರೇ, ಹೊಡೆದರು. ಛತ್ರಿಯ ಎರಡು ಕಡ್ಡಿ ಮುರಿಯುವ ಹಾಗೆ ಹೊಡೆದರು. ಅಪ್ಪ ಬಾಯಿ ಹಿಡಿದು ಕುಸಿದಾಗ ತಂಗಿಯನ್ನು ಬೆನ್ನಿಗೆ ಹಾಕಿಕೊಂಡು, ಒಳ್ಳೆಯ ಕೈಯಿಂದ ಅವಳ ಕಾಲು ಬಿಗಿ ಹಿಡಿದು, ಮೊಣಕಾಲುದ್ದ ನೀರಿನಲ್ಲಿ, ತಗಡು ಹಾರಿ ಬೀಳುತ್ತಿದ್ದ ಬೀದಿಯಲ್ಲಿ ಮುಕ್ಕಾಲು ಗಂಟೆ ನಡೆದು ಆಸ್ಪತ್ರೆಗೆ ತಂದರು. ಹತ್ತರ ಫೋಟೋ ಮುಗಿದ ಮೇಲೆ ತರಬೇತಿ ಬಿಟ್ಟು ಬಾಗಿಲು ಬಾಗಿಲಿಗೆ ಹೊರಟದ್ದು, ಇದೇ ಅವರ ಅನಧಿಕೃತ ಗೈರುಹಾಜರಿ.

ಲಾಂಡ್ರಿಗೆ ಆಯಾ ಅಕ್ಕ ಇಳಿದು ಬಂದಳು. "ಏ ಹುಡುಗಿ, ಗಂಟು ಬಿಡು. ಮೇಲೆ ಬಾ."

"ಇದೊಂದು ಹಾಕಿ ಬರ್ತೀನಿ ಅಕ್ಕಾ."

"ಬಿಡು ಅಂದ್ನಲ್ಲ. ನಿಮ್ಮ ಚಿಕ್ಕದು ಬಂದಿದೆ."

ಬೆಂಚಿನ ಮೇಲೆ ಟೀಚರ ಪಕ್ಕ ಕೂತೆ. ಅವರು ನನ್ನ ಡೊಂಕು ಮಣಿಕಟ್ಟನ್ನು ಮುಟ್ಟಿ, "ಆ ಚೀಟಿ ಬರೆದದ್ದು ನಾನೇ ಕಣೆ" ಎಂದರು.

"ಗೊತ್ತು ಟೀಚರ್. ಓದಿದ್ದು ನಾನೇ ಅಲ್ವಾ."

ಅವರು ಅತ್ತರು. ಬೆರಳು ಮುರಿದಾಗ ಅಳದವರು ಆಗ ಅತ್ತರು. ಮರುದಿನ ಹಳದಿ ಗಂಟಿನಲ್ಲಿ ತಂಗಿಯ ಹಾಸಿಗೆ ಬಟ್ಟೆ ಬಂತು. ಬೇರೆಯವರು ಒಗೆಯುತ್ತೇವೆ ಅಂದರು. ನಾನೇ ಒಗೆದೆ.

ಈಗ ಹೇಳಿ ಮಾನ್ಯರೇ. ನನ್ನ ಟೀಚರು ಹನ್ನೆರಡು ವರ್ಷದ ಹಿಂದೆ ಒಂದು ತರಗತಿಗೆ ಮಾಡಿದ ತಪ್ಪನ್ನು ನೀವು ಈ ವರ್ಷ ಎಲ್ಲ ಶಾಲೆಗೂ ಒಂದೇ ಕಾಗದದಲ್ಲಿ ಮಾಡಿದಿರಿ. ಅವರದು ದುಂಡನೆಯ ಅಕ್ಷರದ ಚೀಟಿ, ನಿಮ್ಮದು ಮೊಹರು ಇರುವ ಚೀಟಿ. ಅವರು ತಮ್ಮ ತಪ್ಪನ್ನು ಕಣ್ಣಾರೆ ನೋಡಲು ಮನೆಯ ಬಾಗಿಲಿಗೆ ಬಂದರು. ನೀವು ಎಲ್ಲಿಗೆ ಬಂದಿರಿ? ಪೊಲೀಸ್ ಠಾಣೆಯಲ್ಲಿ ನನ್ನ ಅಪ್ಪ ಏನೆಂದರು ಗೊತ್ತೇ? "ನಾನೇನು ಸುಮ್ನೆ ಹೊಡೆದ್ನಾ ಸಾಹೇಬ್ರೇ? ಕಟ್ಟುನಿಟ್ಟು ಅಂತ ಸರ್ಕಾರದವ್ರೇ ಕಳ್ಸಿದಾರೆ, ಬೇಕಾದ್ರೆ ಕೇಳಿ" ಎಂದು ಫೋನಿನಲ್ಲಿ ನಿಮ್ಮ ವಾಕ್ಯವನ್ನು ಅಲ್ಲಿದ್ದವರಿಗೆಲ್ಲ ಕೇಳಿಸಿದರು. ಎಚ್ಚರಿಕೆ ಕೊಟ್ಟು ಎರಡನೇ ದಿನ ಬಿಟ್ಟರು. ನಿಮ್ಮ ಮಾತಿಗೆ ಅಷ್ಟು ಬೆಲೆ ಇದೆ. ಅಪ್ಪ ಈಗ ಮನೆಯಲ್ಲಿದ್ದಾರೆ. ನಾನು, ತಂಗಿ ದೊಡ್ಡಮ್ಮನ ಮನೆಯಲ್ಲಿದ್ದೇವೆ. "ಮನೆ ಮಾತು ಬೀದಿಗೆ ಹಾಕ್ಬೇಡ ಕಣೇ" ಎಂದು ಅಮ್ಮ ದಿನಾ ಬಂದು ಹೇಳಿ ಹೋಗುತ್ತಾಳೆ. ಈ ಪತ್ರ ನೋಡಿದರೆ ಅವಳು ನನ್ನ ಜೊತೆ ಮಾತು ಬಿಡಬಹುದು. ಟೀಚರು ಮಾತ್ರ ಅಪರಾಧಿ.

ಶಿಕ್ಷಕರೇನು ಪೊಲೀಸರೇ, ಬಿರುಗಾಳಿಯಲ್ಲಿ ಅವರನ್ನು ಬೀದಿಗೆ ಅಟ್ಟಬೇಕೇ ಎಂದು ನೀವು ಕೇಳಬಹುದು. ಬೇಡ. ಮರ ಉರುಳುವ ಹೊತ್ತಿನಲ್ಲಿ ಯಾರೂ ಹೊರಡುವುದು ಬೇಡ, ದೂರದವರು ಶಾಲೆಗೆ ಬರುವುದೇ ಬೇಡ. ಆದರೆ ಅದೇ ಬಿರುಗಾಳಿಯಲ್ಲಿ ಅವರನ್ನು ಫೋಟೋಗಾಗಿ ಶಾಲೆಗೆ ಅಟ್ಟಿದವರು ಯಾರು? ಮಕ್ಕಳಿಗೆ ಬರಲಾಗದ ಮಳೆಯಲ್ಲಿ ಟೀಚರು ಬರಬಹುದು, ಬಂದ ಮೇಲೆ ಆ ಮಕ್ಕಳ ಮನೆಗೆ ಮಾತ್ರ ಹೋಗಬಾರದು, ಇದು ಯಾವ ಲೆಕ್ಕ? ಪಾಠ ತಯಾರಿಸುವವರು ತಯಾರಿಸಲಿ, ತರಬೇತಿ ಬೇಕಾದವರು ನೋಡಲಿ. ಆ ದಿನದ ಮೊದಲ ಕೆಲಸ ಮಾತ್ರ ಪ್ರತಿ ಮಗುವಿನ ದನಿ ಕೇಳುವುದಾಗಿರಲಿ. ನಡೆಯಲು ಆಗುವಷ್ಟು ಮಳೆಯಾದರೆ ನಡೆದು. ಆಗದಿದ್ದರೆ ಫೋನಿನಲ್ಲಿ, ಅಪ್ಪನ ದನಿಯಲ್ಲ, ಮಗುವಿನದೇ ದನಿ, ನಾಲ್ಕು ಸಾಲು. ಕೇಳಿಸದ ಮನೆಗೆ ಯಾರನ್ನಾದರೂ ಕಳಿಸಿ. ಐದನೇ ಕ್ಲಾಸಿನವಳಿಗೆ ತೋಚಿದ್ದು ಇಷ್ಟು.

ನನ್ನ ಬೇಡಿಕೆಯೂ ಉದ್ದವಿಲ್ಲ. ಟೀಚರ ಅಮಾನತು ರದ್ದು ಮಾಡಿ. ಸುತ್ತೋಲೆಯಿಂದ ನಲವತ್ತು ಪ್ರಶ್ನೆಯನ್ನೂ ಕಟ್ಟುನಿಟ್ಟು ಎಂಬ ಮಾತನ್ನೂ ಕಿತ್ತುಹಾಕಿ. ಹಾಗೆ ಕಿತ್ತುಹಾಕಿದ್ದೇವೆಂದು ಪ್ರತಿ ಫೋನಿಗೂ ಕಳಿಸಿ, ಓದಲು ಬಾರದವರಿಗೂ ಕೇಳಿಸಲಿ.

ಟೀಚರ ವಿಚಾರಣೆಯನ್ನು ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟಿದ್ದೀರಿ. ಸೋಮವಾರ ಮತ್ತೆ ಬಿರುಗಾಳಿ, ಶಾಲೆಗಳಿಗೆ ರಜೆ ಎಂದು ಇವತ್ತು ರೇಡಿಯೋದಲ್ಲಿ ಹೇಳಿದರು. ಅಂದರೆ ಸೋಮವಾರ ಒಂಬತ್ತಕ್ಕೆ ನಿಮ್ಮ ನಲವತ್ತು ಪ್ರಶ್ನೆ ಎಲ್ಲ ಮನೆಗೂ ಹೋಗುತ್ತದೆ. ಹನ್ನೊಂದಕ್ಕೆ ಉತ್ತರ ಮುಗಿದಿರಬೇಕು. ಅದೇ ಹನ್ನೊಂದಕ್ಕೆ ಛತ್ರಿ ಟೀಚರು ನಿಮ್ಮ ಮೇಜಿನ ಮುಂದೆ ನಿಂತು ತಾವು ಫೋಟೋದಲ್ಲಿ ಯಾಕೆ ಇರಲಿಲ್ಲ ಎಂದು ಹೇಳುತ್ತಿರುತ್ತಾರೆ.

ನಮ್ಮ ಮನೆಯಲ್ಲೇ ಬಿದ್ದಿದ್ದ ಅವರ ಛತ್ರಿ ಈಗ ನನ್ನ ಹತ್ತಿರ ಇದೆ. ಮುರಿದ ಎರಡು ಕಡ್ಡಿಗೆ ಲಾಂಡ್ರಿಯ ಹಳದಿ ಪಟ್ಟಿ ಸುತ್ತಿ ಕಟ್ಟಿದ್ದೇನೆ. ಹತ್ತೊಂಬತ್ತು ಬಾಗಿಲು ಯಾವುವೆಂದು ತಂಗಿ ಹೇಳಿಕೊಟ್ಟಿದ್ದಾಳೆ. ಸೋಮವಾರ ಕೆಲಸಕ್ಕೆ ರಜೆ ಹೇಳಿದ್ದೇನೆ. ನನಗೆ ಅಪರಿಚಿತರ ಬಾಗಿಲು ಬಡಿದು ಅಭ್ಯಾಸವಿಲ್ಲ, ಒಳಗಿಂದ ಗಂಡಸಿನ ದನಿ ಬಂದರೆ ಓಡಿಬಿಡುತ್ತೇನೋ ಏನೋ ಎಂಬ ಭಯ ನನಗೇ ಇದೆ. ಆದರೂ ಬಡಿಯುತ್ತೇನೆ. ಹೇಳಬೇಕಾದದ್ದು ಒಂದೇ ಮಾತು, ನೋಟ್‌ಬುಕ್ ತೋರಿಸು ಪುಟ್ಟಾ, ಎರಡು ದಿನದಿಂದ ಬಾಯಿಪಾಠ ಮಾಡುತ್ತಿದ್ದೇನೆ. ಮಗು ಎದ್ದು ಬಂದು ನಾಲ್ಕು ಸಾಲು ಓದುವವರೆಗೂ ಯಾವ ಹೊಸ್ತಿಲನ್ನೂ ಬಿಡುವುದಿಲ್ಲ. ನಾನು ನಿಮ್ಮ ನೌಕರಳಲ್ಲ, ನನ್ನನ್ನು ಅಮಾನತು ಮಾಡಲು ನಿಮಗೆ ಬರುವುದಿಲ್ಲ. ಹನ್ನೊಂದೂ ಇಪ್ಪತ್ತರ ಹೊತ್ತಿಗೆ ನಾನು ಯಾವ ಬಾಗಿಲಲ್ಲಿ ಇರುತ್ತೇನೋ ಗೊತ್ತಿಲ್ಲ. ಫೋಟೋ ಬೇಕಾದರೆ ಬಂದು ತೆಗೆದುಕೊಳ್ಳಿ.

ಇಂತಿ,
ನಿಮ್ಮ ಎದುರು ಮಾತು ಬಾರದೆ ಹೋದ,
ಇದನ್ನು ಎಡಗೈಯಲ್ಲಿ ಬರೆದ,
ಐದನೇ ಕ್ಲಾಸಿನ ಪರೀಕ್ಷೆ ಇನ್ನೂ ಬಾಕಿ ಇರುವ ಒಬ್ಬ ವಿದ್ಯಾರ್ಥಿನಿ